ನಿನ್ನ ಬಗ್ಗೆ ಕೇಳಿದ ದಿನ

ಅಮೃತಹಳ್ಳಿ
೧೭ ಜುಲೈ ೨೦೧೬, ಭಾನುವಾರ

ಪ್ರೀತಿಯ ತಾಹೆರಾ,

ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ ನಿಮ್ಮ ತಣಿಸಂದ್ರ. ಅಷ್ಟು ಹತ್ತಿರದವಳಿಗೆ ಅಂಚೆಯಲ್ಲಿ ಕಾಗದ ಹಾಕುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ನಿನಗೆ ಅನ್ನಿಸಬಹುದು. ಎದುರಿಗೆ ಬಂದು ಕೂತರೆ ನೀನು ಟೀ ಮಾಡುತ್ತೀಯ, ನಿಮ್ಮ ಅಮ್ಮಿ ಊಟ ಮಾಡದೆ ಹೋಗಬೇಡ ಎನ್ನುತ್ತಾರೆ, ನಾನು ಹೇಳಬೇಕಾದದ್ದನ್ನು ನುಂಗಿಕೊಂಡು ಮನೆಗೆ ಬರುತ್ತೇನೆ. ಈ ತಿಂಗಳಲ್ಲೇ ಎರಡು ಸಲ ಹಾಗಾಯಿತು.

ಗುರುವಾರ ನಮ್ಮ ಕಾಲೇಜು ಮತ್ತು ನಿನ್ನ ಇಂಟರ್‌ನೆಟ್ ಕಂಪನಿ ಒಪ್ಪಂದಕ್ಕೆ ಸಹಿ ಹಾಕುತ್ತವೆ. ಹೋದ ವರ್ಷವೇ ಆಗಬೇಕಿದ್ದ ಕೆಲಸ ಅದು. ಯಾಕೆ ನಿಂತಿತು ಎಂದು ನೀನು ಕೇಳಿದಾಗ, ಬಜೆಟ್ ಇಲ್ಲವಂತೆ ಎಂದು ನಾನು ಹೇಳಿದ್ದೆ. ಅದು ಸುಳ್ಳು.

ಮೊದಲಿನಿಂದ ಹೇಳುತ್ತೇನೆ. ಆ ಯೋಚನೆ ನನ್ನದೇ ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದೆ. ಆದರೆ ಅದು ನಿನ್ನ ಬಾಯಿಂದ ಬಂದದ್ದು, ನಮ್ಮ ಮನೆಯ ತಾರಸಿಯ ಮೇಲೆ. ಹೆಸರಘಟ್ಟದ ಆಚೆಯ ಹುಡುಗಿಯರು ಒಂದು ಸ್ಕಾಲರ್‌ಶಿಪ್ ಅರ್ಜಿ ತುಂಬಲು ಯಲಹಂಕದ ಸೈಬರ್ ಸೆಂಟರಿಗೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ ಎಂದು ನಾನು ಸಂಕಟ ಹೇಳಿಕೊಳ್ಳುತ್ತಿದ್ದೆ. ನೀನು ಹೇಳಿದೆ: "ನಿಮ್ ಕಾಲೇಜಿನ ವಾಟರ್ ಟ್ಯಾಂಕ್ ಮೇಲೆ ಒಂದು ಡಿಶ್ ಇಡೋಕೆ ಬಿಟ್ರೆ ಸಾಕು ಕಣೇ. ಅಲ್ಲಿಂದ ಐದು ಊರಿಗೆ ಇಂಟರ್‌ನೆಟ್ ಕೊಡ್ತೀನಿ. ಊರಿಗೊಂದು ರೂಮು, ನಿಮ್ ಹುಡುಗೀರೇ ನೋಡ್ಕೊಳ್ಳಲಿ. ರಿಪೇರಿ ನಾನು ಕಲಿಸ್ತೀನಿ."

ಪ್ರಿನ್ಸಿಪಾಲ್ ಮುನಿನಾರಾಯಣಪ್ಪನವರಿಗೆ ನಾನೇ ಹೋಗಿ ಹೇಳಿದೆ. ಕರೆಸಿ ಎಂದರು. ನೀನು ಬಂದೆ. ಆವತ್ತೇ ನನಗೆ ಶುರುವಾದದ್ದು.

ನೀನು ಸ್ಲೈಡು ಗೀಡು ಏನೂ ತಂದಿರಲಿಲ್ಲ. ಸೀದಾ ಟ್ಯಾಂಕಿನ ಏಣಿ ಹತ್ತಿದೆ, ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು. ನನ್ನ ಕ್ಲಾಸಿನಲ್ಲಿ ಆಕಳಿಸುವ ಹುಡುಗಿಯರೆಲ್ಲ ಕೆಳಗೆ ಕತ್ತೆತ್ತಿ ನಿಂತಿದ್ದರು. ಸಿಗ್ನಲ್ ಎಲ್ಲಿ ಮರಕ್ಕೆ ತಾಗಿ ನಿಲ್ಲುತ್ತದೆ, ಎಲ್ಲಿ ಕೆರೆಯ ಏರಿಯನ್ನು ದಾಟುತ್ತದೆ ಎಂದು ಮೇಲಿನಿಂದಲೇ ಕೈ ಮಾಡಿ ತೋರಿಸಿದೆ. ಇಳಿದ ಮೇಲೆ ಪ್ರಿನ್ಸಿಪಾಲರು ಎಲ್ಲರ ಮುಂದೆ ಅಂದರು, "ಆಶಾರಾಣಿ ಮೇಡಂ, ಎಲೆಕ್ಟ್ರಾನಿಕ್ಸ್ ಅಂದ್ರೆ ಹಿಂಗೆ ಕಲಿಸ್ಬೇಕು ನೋಡಿ."

ಹನ್ನೊಂದು ವರ್ಷದಿಂದ ಒಂದೇ ನೋಟ್ಸ್ ಹಿಡಿದು ಪಾಠ ಮಾಡುತ್ತಿದ್ದೇನೆ, ತಾಹೆರಾ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷವೂ ನಾನೇ ಮೊದಲು. ನೀನು ಎರಡು ಸಬ್ಜೆಕ್ಟ್ ಬಾಕಿ ಉಳಿಸಿಕೊಂಡವಳು. ನಿಮ್ಮ ಅಬ್ಬ ತೀರಿಹೋದಾಗ ಅವರ ಕೇಬಲ್ ಟೀವಿ ವ್ಯಾಪಾರ ನಿನ್ನ ತಲೆಯ ಮೇಲೆ ಬಿತ್ತು. ಪಾಪ ಎಂದುಕೊಂಡಿದ್ದೆ. ಆ ಪಾಪ ಎನ್ನುವುದರಲ್ಲಿ ಎಷ್ಟು ಸುಖವಿತ್ತು ಎಂದು ನೀನು ಟ್ಯಾಂಕ್ ಹತ್ತಿದ ದಿನ ಗೊತ್ತಾಯಿತು. ಅವತ್ತು ಸಂಜೆ ಶಿವರಾಮ್ ಕೂಡ, ನಾನು ಎಲ್ಲ ಹೇಳಿದ ಮೇಲೆ, ತಾಹೆರಾ ಗಟ್ಟಿಗಿತ್ತಿ ಬಿಡು ಎಂದರು. ಗಂಡನನ್ನು ಎರಡು ದಿನ ಸರಿಯಾಗಿ ಮಾತಾಡಿಸಲಿಲ್ಲ ನಾನು. ಯಾಕೆ ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ವಾರ ಕಮಿಟಿ ಸಭೆ. ಎಲ್ಲ ಸರಿಯಾಗಿಯೇ ಇತ್ತು. ಕೊನೆಯಲ್ಲಿ ಆಡಳಿತ ಮಂಡಳಿಯವರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು, "ಅಲ್ರೀ, ಆ ಜನಾನ ನಂಬಬಹುದಾ? ಇಂಟರ್‌ನೆಟ್ ವಿಷಯ. ನಾಳೆ ಪೊಲೀಸು ಗಿಲೀಸು ಅಂತ ಕಾಲೇಜಿಗೆ ಬರಬಾರದು ನೋಡಿ."

ಆ ಮಾತನ್ನು ಯಾರೂ ತಡೆಯಲಿಲ್ಲ. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ನಿಮ್ಮ ಸ್ನೇಹಿತೆ ಅಲ್ವಾ ಮೇಡಂ, ನೀವೇ ಹೇಳಿ."

ಹದಿನೆಂಟು ವರ್ಷದಿಂದ ನಿನ್ನನ್ನು ಬಲ್ಲೆ. ನನ್ನ ಹೆರಿಗೆಯಲ್ಲಿ ರಕ್ತ ಕೊಟ್ಟವಳು ನೀನು. ಆ ಪ್ರಶ್ನೆ ಎಂಥದ್ದು ಎಂದು ನನಗೆ ಅರ್ಥವಾಗಿತ್ತು. ಒಂದು ವಾಕ್ಯ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು: "ಸ್ನೇಹಿತೆ ಅನ್ನೋ ಕಾರಣಕ್ಕೇ ನಾನು ಏನೂ ಹೇಳೋದು ಸರಿಯಲ್ಲ ಸರ್."

ಎಷ್ಟು ಚೆನ್ನಾಗಿ ಕೇಳಿಸುತ್ತದೆ ನೋಡು. ಒಬ್ಬರು ಮೆಚ್ಚಿ ತಲೆಯನ್ನೂ ಆಡಿಸಿದರು. ಅಷ್ಟಕ್ಕೇ ಫೈಲು ಮುಚ್ಚಿತು. ಮನೆಗೆ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಅರ್ಧ ಗಂಟೆ ನಿಂತಿತು. ನನಗೆ ದುಃಖವಾಗಲಿಲ್ಲ. ಎದೆ ಹಗುರವಾಗಿತ್ತು.

ಇದರ ಪೆಟ್ಟು ನಿನ್ನೊಬ್ಬಳಿಗೇ ಬೀಳಲಿಲ್ಲ. ಚಿಕ್ಕಮಾರಯ್ಯನವರ ಮಗಳು ಸುಮಾ, ನನ್ನ ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕಾದವಳು, ಡಿಸೆಂಬರಿನಲ್ಲಿ ಸ್ಕಾಲರ್‌ಶಿಪ್ಪಿನ ಕೊನೆಯ ದಿನ ಯಲಹಂಕದಲ್ಲಿ ಸಾಲಿನಲ್ಲಿದ್ದಾಗಲೇ ಸೆಂಟರಿನಲ್ಲಿ ಕರೆಂಟ್ ಹೋಯಿತು. ಅರ್ಜಿ ಹೋಗಲಿಲ್ಲ. ಜನವರಿಯಿಂದ ಅವಳು ಕಾಲೇಜಿಗೆ ಬರಲಿಲ್ಲ, ಅವಳ ತಾಯಿ ಮಾರಮ್ಮ ಅವಳನ್ನು ಗಾರ್ಮೆಂಟ್ಸಿಗೆ ಸೇರಿಸಿದರು ಎಂದು ಕೇಳಿದೆ. ಹಾಜರಿ ಕೂಗುವಾಗ ಅವಳ ಹೆಸರು ಬಂದರೆ ಬೇಗ ಮುಂದಿನದಕ್ಕೆ ಹೋಗುತ್ತಿದ್ದೆ.

ಅಷ್ಟು ಹೊತ್ತಿಗೆ ನೀನು ಕಾಲೇಜಿನ ಹಂಗು ಬಿಟ್ಟು, ಹೆಸರಘಟ್ಟದ ಆಚೆ ಡೈರಿ ನಡೆಸುವ ಅಂಜಿನಮ್ಮನ ತಾರಸಿಯ ಮೇಲೆ ಒಂದೇ ಒಂದು ಡಿಶ್ ನಿಲ್ಲಿಸಿದ್ದೆ. ಹಾಲು ಅಳೆಯುವ ಕೋಣೆಯ ಮೂಲೆಯಲ್ಲಿ ಮೂರು ಹಳೆಯ ಕಂಪ್ಯೂಟರ್. ಅದನ್ನು ಕೇಳಿದಾಗಲೂ ನನಗೆ ಖುಷಿಯಾಗಲಿಲ್ಲ. ನಾನು ಕೆಡಿಸಿದ ಕೆಲಸದಲ್ಲೂ ಇವಳೇ ಗೆದ್ದಳಲ್ಲ ಎನ್ನಿಸಿತು.

ಮೇ ತಿಂಗಳಲ್ಲಿ ನೀನು ಬಲವಂತ ಮಾಡಿ ಅಲ್ಲಿಗೆ ಕರೆದುಕೊಂಡು ಹೋದೆಯಲ್ಲ, ನನಗೆ ಬೇಕಾಗಿದ್ದದ್ದು ತಪ್ಪು ಹುಡುಕುವುದು. ವೇಗ ಕಡಿಮೆ, ವೈರು ಜೋತಾಡುತ್ತಿದೆ, ಹೀಗೆ ಏನಾದರೂ. ಒಳಗೆ ಹೋದರೆ ಸುಮಾ ಕೂತಿದ್ದಳು. ಭಾನುವಾರ ಗಾರ್ಮೆಂಟ್ಸಿಗೆ ರಜೆ, ಈ ವರ್ಷದ ಅರ್ಜಿ ತುಂಬುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ನೀನು ನನ್ನ ಭುಜ ಹಿಡಿದು ಅಂಜಿನಮ್ಮನಿಗೆ ಹೇಳಿದೆ, "ಅಮ್ಮ, ಇವಳೇ ಆಶಾ. ಕಾಲೇಜಲ್ಲಿ ನನ್ ಪರವಾಗಿ ಓಡಾಡಿದವಳು."

ಅಂಜಿನಮ್ಮ ಹಾಲಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ ಎಸ್ರು ದಿನಾ ಏಳ್ತದೆ ಕಣವ್ವಾ ಈ ತಾಯಿ. ಇಂಗೇ ಜೊತೇಗಿರಿ ಇಬ್ರೂ."

ತಲೆ ಸುತ್ತುತ್ತಿದೆ ಎಂದು ಆಚೆ ಬಂದೆನಲ್ಲ, ಬಿಸಿಲಿಗೆ ಎಂದು ನೀನು ನೀರು ಕೊಟ್ಟೆ. ಅದು ಬಿಸಿಲಲ್ಲ.

ಮಾರನೆಯ ದಿನ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಅವತ್ತು ನಾನು ಹೇಳಬೇಕಾಗಿದ್ದದ್ದನ್ನು ಹೇಳಿದೆ. ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಿದೆ. ಅವರು ಒಂದು ಬಿಳಿ ಹಾಳೆಯನ್ನು ನನ್ನ ಕಡೆ ತಳ್ಳಿ, "ನಾನೂ ಅಲ್ಲೇ ಇದ್ದೆ ಮೇಡಂ. ನಾನೂ ಸುಮ್ನೆ ಇದ್ದೆ. ಬರೆದುಕೊಡಿ" ಎಂದರು. ನಿನ್ನ ಬಗ್ಗೆ ಗೊತ್ತಿದ್ದದ್ದನ್ನೆಲ್ಲ ಎರಡು ಪುಟ ಬರೆದೆ, ಆ ಪ್ರಶ್ನೆಯನ್ನು ಯಾರನ್ನೂ ಕೇಳಬಾರದಿತ್ತು ಎಂದೂ ಬರೆದೆ. ಅದನ್ನು ಕಮಿಟಿಯಲ್ಲಿ ಓದಿದಾಗ ಆ ಕನ್ನಡಕದವರು ಸಭೆಯಿಂದ ಎದ್ದುಹೋದರು. ಉಳಿದವರು ಒಪ್ಪಿದರು. ಸುಮಾಳನ್ನು ಮತ್ತೆ ಸೇರಿಸಿಕೊಂಡಿದ್ದೇವೆ. ಹೋದ ವರ್ಷವನ್ನು ಅವಳಿಗೆ ವಾಪಸ್ ಕೊಡಲು ನನ್ನಿಂದ ಆಗುವುದಿಲ್ಲ.

ಗುರುವಾರದೊಳಗೆ ಈ ಕಾಗದ ನಿನ್ನ ಕೈ ಸೇರುತ್ತದೆ. ಸಹಿ ಹಾಕುವುದನ್ನು ಮಾತ್ರ ನಿಲ್ಲಿಸಬೇಡ, ಅದು ನನ್ನದಲ್ಲ, ಆ ಐದು ಊರಿನದು. ನನ್ನ ಜೊತೆ ಮಾತಾಡುವುದು ಬಿಡುವುದು ನಿನಗೆ ಬಿಟ್ಟದ್ದು. ಕ್ಷಮಿಸು ಎಂದು ಕೇಳಲು ಪೆನ್ನು ಎತ್ತಿದರೂ ಕೈ ಬರುತ್ತಿಲ್ಲ.

ಅಮ್ಮಿಯನ್ನು ಕೇಳಿದೆನೆಂದು ಹೇಳು.

ನಿನ್ನ
ಆಶಾ

ಮರೆತಿದ್ದೆ: ಒಪ್ಪಂದದಲ್ಲಿ ಕಾಲೇಜಿನ ಕಡೆಯ ಸಂಯೋಜಕಿ ಎಂದು ಪ್ರಿನ್ಸಿಪಾಲರು ನನ್ನ ಹೆಸರು ಹಾಕಿದ್ದರು. ನಾನು ತೆಗೆಸಿದೆ. ತಪ್ಪು ಮಾಡಿದವಳಿಗೆ ಆ ಜಾಗ ಬೇಡ ಎಂದು ಅವರಿಗೆ ಹೇಳಿದೆ, ಅವರ ಕಣ್ಣು ತುಂಬಿತು. ನಿಜ ನಿನಗೊಬ್ಬಳಿಗೆ ಹೇಳುತ್ತೇನೆ. ನೀನು ದಿನಾ ಆ ಟ್ಯಾಂಕ್ ಹತ್ತುವುದನ್ನು ಕೆಳಗೆ ನಿಂತು ನೋಡಲು ನನಗೆ ಇನ್ನೂ ಆಗುವುದಿಲ್ಲ.