ಹಾಲ್‌ಸ್ಟಾಟ್‌ನ ಕೊನೆಯ ದೋಣಿ

ಏಪ್ರಿಲ್ 21, ಸೋಮವಾರ. ಸಂಜೆ 6.30

ಮತ್ತೆ ಅದೇ ಎಕ್ಸೆಲ್ ಶೀಟ್. ವಿಯೆನ್ನಾದಿಂದ ಬೆಳಗ್ಗೆ ಹೊರಟು ಸಂಜೆಗೆ ವಾಪಸಾಗುವಂಥ ಮೂರು ಊರು. ಮೆಲ್ಕ್, ಬ್ರಾಟಿಸ್ಲಾವಾ, ಹಾಲ್‌ಸ್ಟಾಟ್. ಯಾವ ರೈಲು, ಎಲ್ಲಿ ಬದಲಿಸಬೇಕು, ಎಲ್ಲಿ ವೆಜ್ ಊಟ... ನಾನು ಹೋಗದ ಊರುಗಳಿಗೆ. ಉದಯ್ ಸರ್ ಮತ್ತು ಅವರ ಹೆಂಡತಿ ಕಾಮಾಕ್ಷಿ ಅಕ್ಕ ಹೋಗುವ ಊರುಗಳಿಗೆ.

ಮಧ್ಯಾಹ್ನ ಸರ್ ಡೆಸ್ಕಿನ ಹತ್ತಿರ ಬಂದು ನಿಂತರು. "ನೀರಜಾ, ಮೊದಲನೇ ದಿನ ತುಂಬಾ ಟೈಟ್ ಆಯ್ತು ಕಣಮ್ಮ. ಸ್ವಲ್ಪ ಲೂಸ್ ಮಾಡು. ಪ್ಲಾನಿಂಗಲ್ಲಿ ನೀನು ಎಕ್ಸ್‌ಪರ್ಟ್ ಅಲ್ವಾ?"

ಪ್ಲಾನಿಂಗಲ್ಲಂತೆ! ಎರಡು ವರ್ಷ ಕಾಂಕ್ರೀಟ್ ತುಂಡುಗಳೊಳಗೆ ಶಬ್ದ ಹಾಯಿಸಿ ಬಿರುಕು ಎಲ್ಲಿದೆ ಎಂದು ಹಿಡಿದವಳು ನಾನು. ಇನ್ನೂರ ಹದಿನಾಲ್ಕು ತುಂಡು. ಬೆರಳ ಸಂದಿಯ ಸಿಮೆಂಟ್ ಇನ್ನೂ ಹೋಗಿಲ್ಲ. ವಿಯೆನ್ನಾ ಕಾನ್ಫರೆನ್ಸಿನಲ್ಲಿ ಅದರ ಬಗ್ಗೆ ಮಾತಾಡುವವರು ಅವರು. ಬಜೆಟ್ಟಿನಲ್ಲಿ ಒಬ್ಬರಿಗೇ ಜಾಗವಂತೆ. ಅಸಿಸ್ಟೆಂಟ್ ಪ್ರೊಫೆಸರೇ ಹೋಗಬೇಕಂತೆ. ಪಿಎಚ್‌ಡಿ ಮೂರನೇ ವರ್ಷದವಳು ಶೀಟ್ ತುಂಬಬೇಕಂತೆ.

"ಆಯ್ತು ಸರ್" ಅಂದೆ. ಯಾಕೆ ಅಂದೆ?

ಏಪ್ರಿಲ್ 26, ಶನಿವಾರ

ಕಾಮಾಕ್ಷಿ ಅಕ್ಕ ಡಬ್ಬಿಯಲ್ಲಿ ಪುಳಿಯೋಗರೆ ತಂದಿದ್ದರು. ನಾನು ಜಪಾನಿನ ಈ ಕಾಶಿವಾ ಊರಿಗೆ ಬಂದ ಮೊದಲ ಚಳಿಗಾಲ ಜ್ವರ ಬಂದಾಗ ನಾಲ್ಕು ದಿನ ಗಂಜಿ ಕಾಯಿಸಿಕೊಟ್ಟವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಬರೆದಿಡುತ್ತೇನೆ.

ಲ್ಯಾಪ್‌ಟಾಪಿನಲ್ಲಿ ಹಾಲ್‌ಸ್ಟಾಟ್‌ನ ಫೋಟೋ ನೋಡಿ ಅಲ್ಲೇ ಕೂತುಬಿಟ್ಟರು. ಕೆರೆಯಂಥ ನೀಲಿ ಸರೋವರ, ಬೆಟ್ಟಕ್ಕೆ ಅಂಟಿಕೊಂಡ ಮನೆಗಳು. "ಇದೊಂದು ನೋಡ್ಬಿಟ್ರೆ ಸಾಕು ಕಣೇ. ಜಪಾನಿಗೆ ಬಂದು ಒಂಬತ್ತು ವರ್ಷ ಆಯ್ತು, ಒಬ್ಬಳೇ ರೈಲು ಹತ್ತಿ ಒಂದೂರಿಗೆ ಹೋಗಿಲ್ಲ. ನಿಂಗೆ ತಿಳಿಯಲ್ಲ ಅಂತಾರೆ ಇವರು."

ರೈಲು ಇಳಿದಮೇಲೆ ಸರೋವರ ದಾಟಬೇಕು, ಸಣ್ಣ ದೋಣಿಯಲ್ಲಿ. ಶೀಟಿನಲ್ಲಿ ಕೆಂಪಕ್ಷರದಲ್ಲಿ ಬರೆದೆ — ಕೊನೆಯ ದೋಣಿ ಸಂಜೆ ಆರರ ಸುಮಾರಿಗೆ, ತಪ್ಪಿದರೆ ರೈಲೂ ತಪ್ಪಿತು.

ಮೇ 2, ಶುಕ್ರವಾರ. ಸಂಜೆ 7



ಕಾಫಿ ಮಷಿನ್ ಹತ್ತಿರ ಮೋರಿಯಾಮಾ ಸೆನ್ಸೇ ಸಿಕ್ಕರು. ನಮ್ಮ ಲ್ಯಾಬಿನ ಮುಖ್ಯಸ್ಥರು, ವಾರಕ್ಕೆ ಹತ್ತು ಮಾತಾಡಿದರೆ ಹೆಚ್ಚು. ನಿಧಾನದ ಇಂಗ್ಲಿಷಿನಲ್ಲಿ ಹೇಳಿದರು: "ನಿಮ್ಮ ವೀಸಾ ವಿಷಯ ಬೇಸರವಾಯಿತು. ಮುಂದಿನ ಸಲ ಬೇಗ ಅರ್ಜಿ ಹಾಕಿ."

"ಯಾವ ವೀಸಾ, ಸೆನ್ಸೇ?"

"ಸಮಯಕ್ಕೆ ಸಿಗುವುದಿಲ್ಲ, ನಿಮಗೂ ಆಸಕ್ತಿಯಿಲ್ಲ ಎಂದು ಉದಯ್-ಸಾನ್ ಫೆಬ್ರವರಿಯಲ್ಲೇ ಹೇಳಿದರು. ನಾನು ಇಬ್ಬರಿಗೂ ಬಜೆಟ್ ತೆಗೆದಿಟ್ಟಿದ್ದೆ."

ಫೆಬ್ರವರಿ! ವೀಸಾಕ್ಕೆ ಮೂರು ತಿಂಗಳಿತ್ತು. ಯಾರೂ ನನ್ನನ್ನು ಕೇಳಲೇ ಇಲ್ಲ.

ಆಗಲೇ ಹೇಳಬೇಕಿತ್ತು, ಸುಳ್ಳು ಎಂದು. ನಾನೇನು ಮಾಡಿದೆ? ತಲೆ ಬಗ್ಗಿಸಿ "ಸುಮಿಮಾಸೆನ್" ಅಂದೆ. ಕ್ಷಮಿಸಿ ಅಂತೆ. ನಾನು!

ರೂಮಿಗೆ ಬಂದರೆ ಸರ್ ಮೆಸೇಜು. "ಶೀಟ್ ಫೈನಲ್ ಮಾಡಿ ಕಳಿಸು. ನೀಟಾಗಿರಲಿ."

ನೀಟಾಗಿ ಮಾಡಿದೆ. ಕೆಂಪಕ್ಷರದ ಆ ಸಾಲು ಅಳಿಸಿದೆ. "ಸಂಜೆ ವಾಪಸ್" ಅಂತಷ್ಟೇ ಬಿಟ್ಟೆ. ಪರದಾಡಲಿ. ಒಂದು ರಾತ್ರಿ ಚಳಿಯಲ್ಲಿ ನಿಲ್ಲಲಿ ಆ ಮನುಷ್ಯ.

ಕಳಿಸಿದೆ. ಹೊಟ್ಟೆ ತಣ್ಣಗಾಯಿತು.

ಮೇ 15, ಗುರುವಾರ. ಬೆಳಗ್ಗೆ 6.40

ಫೋನ್ ಸೈಲೆಂಟಿನಲ್ಲಿತ್ತು. ಎದ್ದು ನೋಡಿದರೆ ಒಂಬತ್ತು ಮಿಸ್ಡ್ ಕಾಲ್. ಎಲ್ಲವೂ ಕಾಮಾಕ್ಷಿ ಅಕ್ಕನದು.

"ನೀರಜಾ, ದೋಣಿ ಮುಗೀತು ಅಂತಿದಾರೆ. ಇನ್ನೊಂದಿದೆಯಾ?"

"ಒಬ್ಬಳೇ ಬಂದಿದೀನಿ. ಇವರು ಕಾನ್ಫರೆನ್ಸ್ ಡಿನ್ನರ್‌ಗೆ ಹೋದ್ರು. ಫೋನ್ ಎತ್ತುತ್ತಿಲ್ಲ."

"ಚಳಿ ಕಣೇ."

ಆಮೇಲೆ ಏನೂ ಇಲ್ಲ. ಫೋನ್ ಸ್ವಿಚ್ಡ್ ಆಫ್. ಸರ್ ಕೂಡ ಎತ್ತುತ್ತಿಲ್ಲ. ಅಲ್ಲಿ ಈಗ ರಾತ್ರಿ.

ಒಬ್ಬಳೇ. ಅಕ್ಕ ಒಬ್ಬರೇ ಹೋಗಿದ್ದಾರೆ.

10.15

ಸರ್ ಮೆಸೇಜು: "ಆಲ್ ಓಕೆ. ಏನೋ ರಾಮಾಯಣ ಮಾಡ್ಕೊಂಡಿದಾಳೆ. ಯಾವ್ದೋ ಲಾಡ್ಜಲ್ಲಿದಾಳಂತೆ." ಶೀಟ್ ತೆರೆದು, ನಾನು ಅಳಿಸಿದ ಸಾಲಿನ ಜಾಗವನ್ನೇ ನೋಡುತ್ತಾ ಕೂತೆ.

ಮೇ 20, ಮಂಗಳವಾರ

ಬಂದಿದ್ದಾರೆ. ಟೇಬಲ್ ಮೇಲೆ ವಿಯೆನ್ನಾದ ಚಾಕೊಲೇಟ್ ಡಬ್ಬಿ. ಸುತ್ತ ಎಲ್ಲರೂ. ಸರ್ ಕೈಯಾಡಿಸುತ್ತಾ ಕಥೆ ಹೇಳಿದರು. ಹೆಂಡತಿಯನ್ನು ಒಂದೇ ಒಂದು ದಿನ ಒಬ್ಬಳೇ ಬಿಟ್ಟೆ, ಊರೆಲ್ಲ ಎಬ್ಬಿಸಿಬಿಟ್ಟಳು, ದೋಣಿಯ ಟೈಮ್ ನೋಡಲೂ ಬರುವುದಿಲ್ಲ. ಎಲ್ಲರೂ ಮರ್ಯಾದೆಗೆ ನಕ್ಕರು.

ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು: "ಇನ್ಮೇಲೆ ಟೋಕಿಯೋಗೂ ಒಬ್ಬಳೇ ಬೇಡ ಅಂತ ಹೇಳ್ಬಿಟ್ಟಿದೀನಿ. ಪ್ರೂಫ್ ಸಿಕ್ತಲ್ಲ!"

ಪ್ರೂಫ್. ಅದನ್ನು ತಯಾರಿಸಿ ಅವರ ಕೈಗಿಟ್ಟವಳು ನಾನು.

ದೋಣಿಯ ವಿಷಯ ಬಾಯಿಬಿಟ್ಟರೆ ವೀಸಾ ಸುಳ್ಳಿನ ಮಾತು ಯಾರು ನಂಬುತ್ತಾರೆ? ನೀನೂ ಅಷ್ಟೇ ಅಲ್ಲವೇ ಎನ್ನುತ್ತಾರೆ. ಬಾಯಿಬಿಡದಿದ್ದರೆ ಅಕ್ಕ ಬದುಕಿಡೀ ದಡ್ಡಿ.

ಚಾಕೊಲೇಟ್ ಮುಟ್ಟಲಿಲ್ಲ.

ಮೇ 21, ಬುಧವಾರ

ಬೆಳಗ್ಗೆ ಒಂಬತ್ತಕ್ಕೆ ಸೆನ್ಸೇ ರೂಮು. ಎರಡೂ ಹೇಳಿದೆ. ವೀಸಾ ಮಾತು ಸುಳ್ಳು. ದೋಣಿಯ ಸಾಲು ಬೇಕೆಂದೇ ಅಳಿಸಿದ್ದು ನಾನು.  "ಎರಡನ್ನೂ ಬರೆದು ಕೊಡಿ. ಎರಡನ್ನೂ ನಾನು ಓದುತ್ತೇನೆ" ಅಂದರು. ಅಷ್ಟೇ.

ಸಂಜೆ ಸರ್ ಮನೆ. ಸರ್ ಸೋಫಾದಲ್ಲಿ, ಅಕ್ಕ ಸೊಪ್ಪು ಬಿಡಿಸುತ್ತಿದ್ದರು. ದೋಣಿಯ ಸಾಲು ಅಳಿಸಿದ್ದನ್ನು ನಿಂತೇ ಹೇಳಿದೆ.

ಸರ್ ಎದ್ದರು. "ನಿನ್ನ ಪಿಎಚ್‌ಡಿ ಹೇಗೆ ಮುಗಿಯುತ್ತೆ ನೋಡ್ತೀನಿ. ನಾಳೇನೇ ಸೆನ್ಸೇಗೆ ಹೇಳ್ತೀನಿ."

"ಹೇಳಿಯೇ ಬಂದಿದೀನಿ. ನೀವು ಫೆಬ್ರವರಿಯಲ್ಲಿ ಹೇಳಿದ್ದೂ ಸೇರಿಸಿ."

ಎದ್ದವರು ಮತ್ತೆ ಕೂತರು, ನನ್ನ ಮಾತಿಗೆ. ಮೊದಲ ಸಲ. ಆ ಖುಷಿ ಅರ್ಧ ನಿಮಿಷವೂ ಉಳಿಯಲಿಲ್ಲ.

ಅಕ್ಕ ಸೊಪ್ಪು ಕೆಳಗಿಟ್ಟರು. "ಉಳಿದ ಎರಡು ದಿನ ನಿಮಿಷ ನಿಮಿಷ ಬರೆದಿದ್ದೆ ನೀನು. ಇಲ್ಲಿ ಬರೆದಿಲ್ಲ ಅಂದ್ರೆ ಅವಸರ ಇಲ್ಲ ಅಂದ್ಕೊಂಡೆ. ನಿನ್ನನ್ನ ಅಷ್ಟು ನಂಬಿದ್ದೆ." ದನಿ ಏರಲಿಲ್ಲ. "ಕತ್ತಲಾಯ್ತು. ಆ ನೀರಿನ ಪಕ್ಕ ಕೂತು ಒಂಬತ್ತು ಸಲ ನಿನಗೇ ಫೋನ್ ಮಾಡಿದೆ. ಇವರ ಮೇಲಿನ ಸಿಟ್ಟಿಗೆ ನಾನೇ ಬೇಕಿತ್ತಾ?"

"ಸರ್ ಬರ್ತಾರೆ ಅಂದ್ಕೊಂಡಿದ್ದೆ ಅಕ್ಕ..."

"ಇವರು ಬಂದಿದ್ರೂ ಪಕ್ಕದಲ್ಲಿ ನಾನಿರ್ತಿರ್ಲಿಲ್ವೇನೇ?"

ಅದು ಹೊಳೆದೇ ಇರಲಿಲ್ಲ. ಸುಳ್ಳು. ಹೊಳೆದಿತ್ತು. ಪಕ್ಕಕ್ಕೆ ತಳ್ಳಿದ್ದೆ.

"ಹೋಗು" ಅಂದರು. ಬಂದೆ.

ಮೇ 25, ಭಾನುವಾರ. ಬೆಳಗ್ಗೆ 11

ಸೆನ್ಸೇಗೆ ಕೊಡುವ ಪತ್ರ ನಾಲ್ಕನೇ ಸಲ ಬರೆಯುತ್ತಿದ್ದೆ. ಫೋನ್ ಬಂತು. ಕಾಮಾಕ್ಷಿ ಅಕ್ಕ.

"ಕ್ಷಮಿಸೋಕೆ ಫೋನ್ ಮಾಡಿಲ್ಲ" ಅಂದರು ಮೊದಲೇ. "ಒಂದು ಹೇಳ್ಬೇಕು. ವೀಸಾ ವಿಷಯ ಇವರು ಸೆನ್ಸೇಗೆ ಹೇಳಿದ್ದು ನಮ್ಮ ಮನೆಯಿಂದ, ಫೋನಲ್ಲಿ. ನಾನಲ್ಲೇ ಇದ್ದೆ. ಕೇಳಿಸ್ಕೊಂಡೆ."

ಮೈಯೆಲ್ಲ ಉರಿಯಿತು. "ಫೆಬ್ರವರಿಯಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಪುಳಿಯೋಗರೆ ತಂದ ದಿನಾನೂ?"

"ಆವತ್ತೂ."

"ಅಕ್ಕ, ನನ್ನೆದುರು ಕೂತು ಫೋಟೋ ನೋಡಿದ್ರಲ್ಲ! ಒಂದು ಮಾತು ಹೇಳಿದ್ರೆ ಇನ್ನೂ ಟೈಮಿತ್ತು. ಓಡಾಡಿ ಏನಾದ್ರೂ ಮಾಡ್ತಿದ್ದೆ."

"ಹೇಳಿದ್ರೆ ಇವರು ಸಿಟ್ಟಿಗೆ ನನ್ನ ಕರ್ಕೊಂಡು ಹೋಗ್ತಿರ್ಲಿಲ್ಲ." ಅಂದರು ಅಕ್ಕ. "ನಂಗೆ ಆ ಊರು ನೋಡಬೇಕಿತ್ತು, ನೀರಜಾ. ಅಷ್ಟಕ್ಕೇ ಸುಮ್ಮನಿದ್ದೆ."

ಕಿರುಚಿದೆ. ಏನು ಅಂದೆನೋ ನೆನಪಿಲ್ಲ. ಪಕ್ಕದ ರೂಮಿನ ಹುಡುಗಿ ಗೋಡೆ ತಟ್ಟಿದಳು. ಅಕ್ಕನೂ ಕಿರುಚಿದರು. ಅವರು ಕಿರುಚಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನೀನು ಮಾಡಿದ್ದು ದೊಡ್ಡದೋ ನಾನು ಮಾಡಿದ್ದೋ ಎಂದು ಇಬ್ಬರೂ ಒಟ್ಟಿಗೆ ಕೂಗುತ್ತಿದ್ದೆವು. ಹಿಂದಿನಿಂದ ಸರ್ ದನಿ: "ಯಾರದು? ಫೋನ್ ಇಡು."

"ಇಡಲ್ಲ" ಅಂದರು ಅಕ್ಕ. ನನಗಲ್ಲ, ಅವರಿಗೆ.

ಬಾಗಿಲು ಹಾಕಿದ ಸದ್ದು. ಚಪ್ಪಲಿ ಮೆಟ್ಟಿದ ಸದ್ದು. ಆಮೇಲೆ ರಸ್ತೆ, ಗಾಡಿಗಳು, ಅವರ ಉಸಿರು. ಇಬ್ಬರೂ ಫೋನ್ ಇಡಲಿಲ್ಲ.

"ಆ ಪತ್ರದಲ್ಲಿ ನಾನು ಕೇಳಿಸ್ಕೊಂಡಿದ್ದನ್ನೂ ಬರಿ" ಅಂದರು ಕೊನೆಗೆ. "ನನ್ನ ಹೆಸರು ಹಾಕು. ಸೈನ್ ಮಾಡೋಕೆ ಬರ್ತಿದೀನಿ. ನಡ್ಕೊಂಡೇ. ಸಿಟ್ಟು ಹೋಗಿಲ್ಲ, ತಿಳ್ಕೋ."

ನಂದೂ ಹೋಗಿಲ್ಲ ಅಂದೆ.

ಬರೆಯುತ್ತಿದ್ದೇನೆ. ಅವರ ಪೂರ್ತಿ ಹೆಸರು ಕಾಮಾಕ್ಷಿ... ಇನಿಶಿಯಲ್ ಗೊತ್ತಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿ—

ಬಾಗಿಲಲ್ಲಿ ಬೆಲ್