ಬಟ್ಟಿ ಕೂರಿಸಿದ ಕೈ

ರಾಯಚೂರು, ಆಸ್ಪತ್ರೆಯ ಎರಡನೇ ಮಹಡಿ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ವಿಜೀ,

ಹೇಗಿದ್ದೀ ಮಗಳೇ? ನನ್ನ ಸೊಸೆ ನೀನು ಬಾಗಿಲಿನ ಆಚೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಮಲಗಿದ್ದರೂ ಕಾಗದದಲ್ಲಿ ಕೇಳಬೇಕಾಗಿದೆ. ಬಾಯಿಗೆ ನಳಿಗೆ, ಕಣ್ಣಿಗೆ ಮದ್ದಿನ ನಿದ್ದೆ. ಐಸಿಯು ಒಳಗೆ ಬಿಡುವುದು ದಿನಕ್ಕೆ ಒಬ್ಬರನ್ನೇ, ಅದನ್ನು ನಿನ್ನ ಗಂಡ ಅಂಬರೀಶನಿಗೆ ಬಿಟ್ಟಿದ್ದೇನೆ. ನಿನಗೆ ಎಚ್ಚರಾದಾಗ ಓದಿ ಹೇಳಲು ನರ್ಸ್ ತಹಮೀನಾ ಒಪ್ಪಿದ್ದಾಳೆ. ಪೋತ್ನಾಳದಲ್ಲಿ ನಿನ್ನ ಎಮ್ಮೆ ಪಕ್ಕದ ಮನೆಯ ಅನ್ವರಿ ಬೇಗಂ ಕೈಗೆ ಹಾಲು ಕೊಡುತ್ತಿದೆಯಂತೆ. ನನಗೆ ಒಂದು ದಿನವೂ ಕೊಡಲಿಲ್ಲ, ಧಿಮಾಕಿನದು.

ನಿನ್ನೆ ಹೊಟ್ಟೆಗೆ ಸೂಜಿ ಚುಚ್ಚಿ, ಸಣ್ಣ ನಳಿಗೆ ಬಿಟ್ಟು ಕೀವು ತೆಗೆದರು. ಚೀಲ ತುಂಬಿದ್ದನ್ನು ನೋಡಿ ಬಂದ ಅಂಬರೀಶ ಗೋಡೆಗೆ ಒರಗಿ ಕೂತುಬಿಟ್ಟ. ಜ್ವರ ಇಳಿದಿಲ್ಲ. ಇವತ್ತು ಹೊಟ್ಟೆ ತೆರೆದು, ಒಳಗೆ ಏನು ಒಡೆದಿದೆ ಎಂದು ನೋಡುತ್ತಾರಂತೆ. ನೀನು ತಡೆದುಕೊಳ್ಳುವುದು ಕಷ್ಟ ಎಂದು ಹೇಳಿಯೇ ಅವನ ಸಹಿ ತೆಗೆದುಕೊಂಡರು.

ನೋವು ಬಂದ ದಿನ ನಾನೇ ಅಂದದ್ದು, “ಭತ್ತದ ಚೀಲ ಎತ್ತೀದಿ, ಬಟ್ಟಿ ಸರದದ.” ಹೊಕ್ಕಳು ಜಾಗ ಬಿಟ್ಟರೆ ಕೂರಿಸಿಕೊಳ್ಳಲು ಹಿರೇಕೊಟ್ನೆಕಲ್‌ನಿಂದಲೂ ನನ್ನ ಹತ್ತಿರ ಬರುತ್ತಾರಲ್ಲ, ಆ ಸೊಕ್ಕು. ಹರಳೆಣ್ಣೆ ಹಚ್ಚಿ ಎರಡೂ ಹೆಬ್ಬೆರಳು ಊರಿ ತಿಕ್ಕಿದೆ. “ಯವ್ವಾ, ಒತ್ತಬ್ಯಾಡ್ರಿ, ಬಲಕ್ಕ ಭಾಳ ನೋಯಾಕತ್ತದ” ಅಂದಿ. “ನೋವಾದ್ರನ ಕೂಡ್ತದ, ಸುಮ್ಕಿರು” ಎಂದು ಇನ್ನೂ ಜೋರಾಗಿ ಒತ್ತಿದೆ. ಸಂಜೆ ನೋವು ನಿಂತಾಗ ನಿನ್ನ ಮುಂದೆ ಬೀಗಿದೆ. ಬೆಳಿಗ್ಗೆ ನಿನ್ನ ಹೊಟ್ಟೆ ಕಲ್ಲಾಗಿತ್ತು, ಮೈ ಕೆಂಡವಾಗಿತ್ತು.

“ಯಾರರ ಈಕಿ ಹೊಟ್ಟಿ ತಿಕ್ಕಿದ್ರೇನು?” ಎಂದು ಡಾಕ್ಟರು ಎರಡು ಸಲ ಕೇಳಿದರು. ಅಂಬರೀಶ ಆ ದಿನ ಕೊಯ್ಲಿನ ಮಷಿನ್ ಜೊತೆ ಕುರ್ಡಿ ಊರಿಗೆ ಹೋಗಿದ್ದ, ಅವನಿಗೆ ಗೊತ್ತಿಲ್ಲ. ಅವನು ನನ್ನ ಮುಖ ನೋಡಿದ. ಪಕ್ಕದಲ್ಲಿ ಊರಿನವರಿಬ್ಬರು ನಿಂತಿದ್ದರು. ನನ್ನ ಕೈಗುಣದ ಹೆಸರು ಕೆಡಬಾರದೆಂದು ಎರಡು ಸಲವೂ ಇಲ್ಲ ಅಂದೆ. ಇದನ್ನು ಬರೆಯಲೂ ನಾಚಿಕೆಯಾಗುತ್ತದೆ ವಿಜೀ. ನೀನು ಬೇಡ ಅಂದಾಗಲೇ ಕೈ ತೆಗೆಯಬೇಕಿತ್ತು.

ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸುವ ಯೋಗ್ಯತೆ ನನಗಿಲ್ಲ. ಆದರೂ ಹರಸುತ್ತಿದ್ದೇನೆ, ಕೂತಲ್ಲಿ ನಿಂತಲ್ಲಿ ಅದೊಂದೇ.

ನಿನ್ನ ಅತ್ತೆ,
ಚನ್ನಮಲ್ಲಮ್ಮ

ಇನ್ನೊಂದು ಮಾತು: ನಿನ್ನನ್ನು ಒಯ್ಯಲು ಸ್ಟ್ರೆಚರ್ ಬಂತು, ಡಾಕ್ಟರೂ ಬಂದರು. ಹೊಟ್ಟೆ ತೆರೆಯುವ ಮೊದಲು ಅವರಿಗೆ ತಿಳಿಯಲೇಬೇಕು, ನನಗೆ ಬಾಯಿ ಏಳುತ್ತಿಲ್ಲ. ಈ ಕಾಗದ ಮೊದಲು ಅವರ ಕೈಗೇ ಕೊಡುತ್ತೇನೆ. ಅಂಬರೀಶ ಇಲ್ಲೇ ಇದ್ದಾನೆ, ಊರಿನವರೂ ಇದ್ದಾರೆ. “ಜೋರಾಗಿ ಓದ್ರಿ” ಅನ್ನುತ್ತೇನೆ.