ದಿಂಬಿನ ಮಟ್ಟದ ಗೂಡು

ಕೆತ್ತನೆ ಕೋಣೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ, ಆಶೀರ್ವಾದ ಎಂದು ಬರೆಯಲು ಧೈರ್ಯ ಸಾಲದ ಅಕ್ಕನಿಂದ.

ಚಿಕ್ಕಮ್ಮನ ಅಂಗಡಿಯಲ್ಲಿ ಅಂಗಿಯ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತ ಕೂತಿದ್ದೀಯಂತೆ. ಉಳಿ ಹಿಡಿದ ಕೈಗೆ ಅದೆಂಥ ಕೆಲಸವೇ? ಹೀಗೆ ಕೇಳುವ ಬಾಯಿ ನನಗಿಲ್ಲ, ಗೊತ್ತು. ಪೂರ್ತಿ ಓದು, ಆಮೇಲೆ ಬೈಯಿ.

ಗೇಣುದ್ದದ ಒಂದು ಬೋಧಿಸತ್ವನಿಗೆ ಹದಿನೈದು ದಿನ ಬೆನ್ನು ಬಗ್ಗಿಸುವವಳು ನಾನು. ತಾವರೆಯ ಪೀಠ, ಬಟ್ಟೆಯ ನೆರಿಗೆ, ಅಕ್ಕಿಕಾಳಿನಷ್ಟು ಸಣ್ಣ ಬೆರಳುಗಳು, ಎಲ್ಲ ನನ್ನವು. ಕೊನೆಗೆ ನೀನು ಬಂದು ಅರ್ಧ ದಿನದಲ್ಲಿ ಮುಖ ಕೆತ್ತಿ ಎದ್ದು ಹೋಗುತ್ತೀಯೆ. ಕೊಳ್ಳುವವರು ನೋಡುವುದು ಆ ಮುಖವನ್ನೇ. ನೆರಿಗೆಯನ್ನು ಹೊಗಳಿದ ಪುಣ್ಯಾತ್ಮರನ್ನು ನಾನಿನ್ನೂ ಕಂಡಿಲ್ಲ. ಅಪ್ಪ ಕೂಡ ಕಣ್ಣು ತಿದ್ದುವ ಉಳಿಯನ್ನು ನಿನ್ನ ಕೈಗೇ ಕೊಟ್ಟು ಹೋದರು. ಅಂದಿನಿಂದ ನನ್ನ ಹೊಟ್ಟೆಯೊಳಗೊಂದು ಕೆಂಡ ಆರದೆ ಕೂತಿದೆ.

ತಾಯಿಗಾಗಿ ಕರುಣೆಯ ಬೋಧಿಸತ್ವ ಬೇಕೆಂದು ಟೀಚರಮ್ಮ ಬಂದಾಗ ನೀನು ಮರ ತರಲು ಹೋಗಿದ್ದೆ. ಬಾಗಿಲಲ್ಲೇ ನಿಂತು ಕೇಳಿದರು, "ಮುಖ ಕೆತ್ತೋ ತಂಗಿ ಇಲ್ವಾ? ಅವರು ಬಂದ್ಮೇಲೆ ಬರ್ತೀನಿ ಬಿಡಿ, ನಿಮ್ಗೆ ಹೇಳಿ ಏನ್ ಪ್ರಯೋಜನ." ನನ್ನ ಮೈಯೆಲ್ಲ ಉರಿಯಿತು. ನಗುನಗುತ್ತಲೇ ಕೂರಿಸಿ, ಅಳತೆ ನಾನೇ ಕೇಳಿಕೊಂಡೆ.

ಮೂರ್ತಿ ಇಡುವ ಗೋಡೆಗೂಡು ಎಷ್ಟೆತ್ತರ, ಮೂರ್ತಿಯನ್ನು ಎಲ್ಲಿಂದ ನೋಡುತ್ತಾರೆ ಎಂದು ತಿಳಿಯದೆ ನೀನು ರೆಪ್ಪೆಗೆ ಉಳಿ ಮುಟ್ಟಿಸುವವಳಲ್ಲ. ತಾಯಿ ಹಾಸಿಗೆ ಹಿಡಿದಿದ್ದಾರೆ, ಗೂಡು ಮಂಚದ ಪಕ್ಕ ದಿಂಬಿನ ಮಟ್ಟಕ್ಕಿದೆ ಎಂದು ಟೀಚರಮ್ಮ ಹೇಳಿದ್ದರು. ಗೂಡು ಆಳೆತ್ತರದಲ್ಲಿದೆ, ಅವರ ತಾಯಿ, ಆ ಅಜ್ಜಿ, ನೆಲದ ಮೇಲೆ ಕೂರುತ್ತಾರೆ ಎಂದು ನಾನು ನಿನಗೆ ಹೇಳಿದೆ. ನೀನು ನಂಬಿದೆ. ಕೆಳಗೆ ಕೂತವರಿಗೆ ಕಾಣಲೆಂದು ನೋಟವನ್ನು ಪೂರ್ತಿ ತಗ್ಗಿಸಿದೆ.

ಅಜ್ಜಿ ಮಲಗಿದಲ್ಲಿಂದಲೇ ಆ ಮುಚ್ಚಿದಂತೆ ಕಂಡ ಕಣ್ಣು ನೋಡಿ, ಇದಕ್ಕೂ ನನ್ನ ಹಾಗೇ ಮಂಪರು, ವಾಪಸ್ ಕೊಟ್ಟು ಬಾ ಅಂದರಂತೆ. ಹಿಂದಿರುಗಿದ ಮೂರ್ತಿಯನ್ನು ನೀನು ತಿರುಗಿಸಿ ತಿರುಗಿಸಿ ನೋಡಿ, ನನ್ನ ಕೈ ಹೋಯ್ತು ಅಕ್ಕಾ ಎಂದು ಅತ್ತೆ. ನಾನು ತಲೆ ಸವರಿದೆ. ಸವರುತ್ತಲೇ ಒಳಗೊಳಗೆ ಹಿಗ್ಗಿದೆ. ಮರುದಿನ ಉಳಿಗಳನ್ನೆಲ್ಲ ನನ್ನ ಮುಂದಿಟ್ಟು ನೀನು ಬಸ್ಸು ಹತ್ತಿದಾಗ ತಡೆಯಲೂ ಇಲ್ಲ.

ನಿನ್ನ ಕೈ ಎಲ್ಲಿಗೂ ಹೋಗಿಲ್ಲ ಕಣೇ. ತಪ್ಪಿದ್ದು ನನ್ನ ನಾಲಗೆ. ಮನಸ್ಸು ಚುಚ್ಚುತ್ತಿತ್ತು, ತಡೆಯಲಾರದೆ ಬರೆದೆ. ಅಜ್ಜಿಗೆ ಹೆಚ್ಚು ದಿನ ಉಳಿದಿಲ್ಲವಂತೆ, ಬೇಗ ಬಾ. ಹೊಸ ಮೂರ್ತಿಯ ಮೈ ಮುಗಿಸಿಟ್ಟಿದ್ದೇನೆ. ಮುಖ ಮುಟ್ಟಿಲ್ಲ.

ಇಂತಿ,
ನಿನ್ನ ಹೊಟ್ಟೆಕಿಚ್ಚಿನ ಅಕ್ಕ

ತಾ.ಕ.: ಮನಸ್ಸು ಚುಚ್ಚಿತು ಎಂದದ್ದು ಪೂರ್ತಿ ನಿಜವಲ್ಲ. ಇದರ ಜೊತೆಗಿರುವ ಕಾಗದ ಟೀಚರಮ್ಮನದು, ನಿನ್ನ ಹೆಸರಿಗೇ ಬಂದದ್ದು. ಅಳತೆ ತಪ್ಪಿರಬೇಕು, ಇನ್ನೊಂದು ಮಾಡಿಕೊಡಿ ಎಂದು ನಿನ್ನನ್ನೇ ಕೇಳಿದ್ದಾರೆ. ಬಂದು ತಿಂಗಳಾಯಿತು. ನಾನು ಒಡೆದು ಓದಿ, ಈ ಹೊಸದಕ್ಕೂ ಮೊದಲು ಬೇರೊಂದು ಮೂರ್ತಿಗೆ ನಾನೇ ಮುಖ ಕೆತ್ತಿ, ನನ್ನದೇ ಕೆಲಸ ಎಂದು ಹೇಳಿ ಅಜ್ಜಿಯ ಮುಂದಿಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಅಂದರು, "ಇದು ಎಚ್ಚರವಾಗೇನೋ ಇದೆ ಕಣಮ್ಮ. ಆದ್ರೆ ಯಾರ ಮೇಲೋ ಉರ್ಕೊಂಡು ಕೂತಿದೆ."